ಗುಣೋತ್ತರ ಶ್ರೇಢಿಯೊಂದು ಮನೆಯ ಮಾಡು ಏರಿದ ಕಥೆ

“ಸಾರ್, ಈ ಸಮರೂಪ ತ್ರಿಭುಜ, ಈ ಗುಣೋತ್ತರ ಶ್ರೇಢಿ, ಇವೆಲ್ಲ ಮುಂದೆ ಯಾವ ಕೆಲಸಕ್ಕೆ ಬರುತ್ತವೆ?” ಎಂಬ ಪ್ರಶ್ನೆಯನ್ನು ನನ್ನ ಸೇವಾವಧಿಯ ಉದ್ದಕ್ಕೂ ಕೇಳಿಸಿಕೊಂಡವನು ನಾನು. ಪರೀಕ್ಷೆಗೆ ಬರುತ್ತವೆ ಎಂಬ ಉತ್ತರ ಕೇಳುವವರಿಗೂ ಹೇಳುವವರಿಗೂ ತೃಪ್ತಿ ಕೊಡುವಂಥದಲ್ಲ. ಆ ಪ್ರಶ್ನೆಗೆ ತಕ್ಕ ಉತ್ತರವಾಗಬಲ್ಲ ಒಂದು ನಿಜವಾದ ಇತಿಹಾಸವನ್ನು ಇಂದು ಬರೆಯುತ್ತಿದ್ದೇನೆ. ಇದು ಹವ್ಯಾಸಿ ರೇಡಿಯೋ ಬಳಸುವವರು, ಅಂದರೆ ‘ಹ್ಯಾಮ್’ಗಳು, ಮಾಡಿನ ಮೇಲೆ ನಿಲ್ಲಿಸುವ ಒಂದು ಆಂಟೆನಾದ ಕಥೆ. ಅದರ ಹೆಸರು ಲಾಗ್-ಪಿರಿಯಾಡಿಕ್ ಆಂಟೆನಾ. ಹತ್ತನೆಯ ತರಗತಿಯ ಗಣಿತ ಬಲ್ಲವರು ಇದನ್ನು ಅರ್ಥ ಮಾಡಿಕೊಳ್ಳಬಲ್ಲರು. ಆದರೆ ಇದನ್ನು ಕಂಡುಹಿಡಿಯಲು ಲೋಕಕ್ಕೆ ಸುಮಾರು ಎಪ್ಪತ್ತು ವರ್ಷಗಳು ಬೇಕಾದವು. ಕಂಡುಹಿಡಿದ ಮೇಲೆ, ‘ಇದು ಯಾರಿಗಾದರೂ ಹೊಳೆಯುವಂಥದೇ’ ಎಂದು ನ್ಯಾಯಾಲಯವೊಂದು ತೀರ್ಪನ್ನೂ ಕೊಟ್ಟಿತು!

ಕಥೆಯ ಮೂಲ ಜರ್ಮನಿಯಲ್ಲಿದೆ. 1887-88ರ ಸುಮಾರಿಗೆ ಕಾರ್ಲ್ಸ್‌ರೂಹ ನಗರದಲ್ಲಿ ಹೈನ್ರಿಚ್ ಹರ್ಟ್ಸ್ ಅವರು ವಿದ್ಯುತ್ಕಾಂತ ಅಲೆಗಳನ್ನು ಪ್ರಯೋಗದಲ್ಲಿ ಉತ್ಪಾದಿಸಿ ತೋರಿಸಿದರು. ಅವರು ಬಳಸಿದ ಆಂಟೆನಾ ನಡುವೆ ಸೀಳಿದ ಒಂದು ನೇರ ತಂತಿಯೇ ಆಗಿತ್ತು. ಇದನ್ನು ದ್ವಿಧ್ರುವ ಅಥವಾ ಡೈಪೋಲ್ ಎನ್ನುತ್ತಾರೆ. ಇದರ ಉದ್ದ ಅಲೆಯ ತರಂಗಾಂತರದ ಸರಿಸುಮಾರು ಅರ್ಧದಷ್ಟಿದ್ದಾಗ ಅದು ಆ ಅಲೆಗೆ ಚೆನ್ನಾಗಿ ‘ಸ್ಪಂದಿಸುತ್ತದೆ’. ಲೆಕ್ಕ ಬಹಳ ಸುಲಭ. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ತರಂಗಾಂತರ ಮೀಟರುಗಳಲ್ಲಿ ದೊರೆಯುತ್ತದೆ. 14 ಮೆಗಾಹರ್ಟ್ಸ್‌ನ ಅಲೆಗೆ ತರಂಗಾಂತರ ಸುಮಾರು 21.4 ಮೀಟರ್, ಅದಕ್ಕೆ ಬೇಕಾದ ಡೈಪೋಲಿನ ಉದ್ದ ಸುಮಾರು 10.7 ಮೀಟರ್. 144 ಮೆಗಾಹರ್ಟ್ಸ್ ಆದರೆ 104 ಸೆಂಟಿಮೀಟರ್ ಸಾಕು.

ಡೈಪೋಲಿಗೆ ಒಂದು ಕೊರತೆಯಿದೆ. ಅದು ತನ್ನ ಎರಡೂ ಬದಿಗೆ ಸಮನಾಗಿ ಅಲೆಗಳನ್ನು ಹರಡುತ್ತದೆ. ದೂರದ ಒಬ್ಬರೊಡನೆ ಮಾತನಾಡಬೇಕಾದವರಿಗೆ ಶಕ್ತಿಯೆಲ್ಲ ಒಂದೇ ದಿಕ್ಕಿಗೆ ಹೋಗಬೇಕು. ಬಯಲಿನಲ್ಲಿ ಕೂಗುವವನು ಬಾಯಿಯ ಸುತ್ತ ಅಂಗೈ ಹಿಡಿಯುವುದಿಲ್ಲವೇ, ಹಾಗೆ. ಈ ಕೊರತೆಗೆ ಜಪಾನಿನ ಸೆಂಡೈ ನಗರದ ತೊಹೊಕು ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಉತ್ತರ ದೊರೆಯಿತು. ಅಲ್ಲಿ ಪ್ರಾಧ್ಯಾಪಕ ಹಿಡೆತ್ಸುಗು ಯಾಗಿ ಮತ್ತು ಅವರ ಕಿರಿಯ ಸಹೋದ್ಯೋಗಿ ಶಿಂತಾರೊ ಉದ ಅವರು, ಒಂದು ಡೈಪೋಲಿನ ಹಿಂದೆ ತುಸು ಉದ್ದನೆಯ ಸರಳನ್ನೂ ಮುಂದೆ ತುಸು ಗಿಡ್ಡ ಸರಳುಗಳನ್ನೂ ಇಟ್ಟರೆ ಅಲೆಗಳು ಮುಂದಕ್ಕೆ ಒಟ್ಟುಗೂಡಿ ಹೋಗುತ್ತವೆ ಎಂಬುದನ್ನು ತೋರಿಸಿಕೊಟ್ಟರು. ಪ್ರಯೋಗಗಳ ಬಹುಭಾಗ ಉದ ಅವರದು. 1926ರಿಂದ ಅವರು ಜಪಾನಿ ಭಾಷೆಯಲ್ಲಿ ಸರಣಿ ಲೇಖನಗಳನ್ನು ಬರೆದರು. 1928ರಲ್ಲಿ ಯಾಗಿ ಅವರು ಇಂಗ್ಲಿಷಿನಲ್ಲಿ ಬರೆದ ಲೇಖನವನ್ನು ಜಗತ್ತು ಓದಿತು. ಅದರಲ್ಲಿ ಅವರು ಉದರ ಕೆಲಸವನ್ನು ಸ್ಮರಿಸಿದ್ದರೂ ಜನರ ಬಾಯಲ್ಲಿ ಉಳಿದದ್ದು ‘ಯಾಗಿ ಆಂಟೆನಾ’ ಎಂಬ ಹೆಸರೇ. ಈಗ ತಿಳಿದವರು ‘ಯಾಗಿ-ಉದ’ ಎಂದು ಬರೆಯುತ್ತಾರೆ. ತಡವಾದರೂ ಅದು ನ್ಯಾಯ.

ಈ ಯಾಗಿ-ಉದ ಆಂಟೆನಾವನ್ನು ನೀವೆಲ್ಲ ನೋಡಿದ್ದೀರಿ. 1980ರ ದಶಕದಲ್ಲಿ ನಮ್ಮೂರುಗಳ ಹೆಂಚಿನ ಮನೆಗಳ ಮೇಲೆ ಕಾಣುತ್ತಿದ್ದ ದೂರದರ್ಶನದ ಆಂಟೆನಾ ಇದೇ ಜಾತಿಯದು. ಒಬ್ಬರು ಮಾಡಿನ ಮೇಲೆ ನಿಂತು ಕೊಳವೆಯನ್ನು ತಿರುಗಿಸುವುದು, “ಬಂತಾ?” ಎಂದು ಕೂಗುವುದು, ಕೆಳಗಿನವರು “ಬಂತು, ಬಂತು... ಅಯ್ಯೋ ಹೋಯ್ತು” ಎನ್ನುವುದು, ಇದನ್ನು ಯಾರು ಮರೆತಾರು? ದಿಕ್ಕಿಗೆ ಸರಿಯಾಗಿ ನಿಲ್ಲಬೇಕಾದ ಆಂಟೆನಾ ಎಂದರೇನು ಎಂಬುದನ್ನು ಆ ತಲೆಮಾರಿನವರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಆದರೆ ಯಾಗಿ-ಉದ ಆಂಟೆನಾ ಒಂದು ಆವೃತ್ತಿಗೂ ಅದರ ಅಕ್ಕಪಕ್ಕದ ಕೆಲವಕ್ಕೂ ಮಾತ್ರ ಒದಗುವಂಥದು. ಅದರ ಪ್ರತಿಯೊಂದು ಸರಳಿನ ಉದ್ದವೂ ಒಂದೇ ತರಂಗಾಂತರಕ್ಕೆ ಕಟ್ಟುಬಿದ್ದಿರುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ಇದು ದೊಡ್ಡ ತೊಡಕಾಯಿತು. ಅಮೆರಿಕದಲ್ಲಿ ದೂರದರ್ಶನದ ವಾಹಿನಿಗಳು 54ರಿಂದ 216 ಮೆಗಾಹರ್ಟ್ಸ್‌ವರೆಗೆ, ಅಂದರೆ ಒಂದಕ್ಕೆ ನಾಲ್ಕರಷ್ಟು ವಿಸ್ತಾರದಲ್ಲಿ ಹರಡಿಕೊಂಡಿದ್ದವು. ವಾಯುಪಡೆಗಂತೂ ಒಂದು ವಿಮಾನದ ಮೇಲೆ ಹತ್ತು ಆಂಟೆನಾಗಳನ್ನು ಹೊರಿಸುವ ಬದಲು ಎಲ್ಲ ಆವೃತ್ತಿಗಳಿಗೂ ಸಲ್ಲುವ ಒಂದೇ ಆಂಟೆನಾ ಬೇಕಾಗಿತ್ತು. ಈ ಅಗತ್ಯದಿಂದಲೇ ಇಲಿನಾಯ್ ವಿಶ್ವವಿದ್ಯಾಲಯದ ಆಂಟೆನಾ ಪ್ರಯೋಗಾಲಯಕ್ಕೆ ಅಮೆರಿಕದ ವಾಯುಪಡೆಯ ಧನಸಹಾಯ ಹರಿದುಬಂದಿತು.

1950ರ ದಶಕದ ನಡುವೆ ಆ ಪ್ರಯೋಗಾಲಯದಲ್ಲಿ ವಿಕ್ಟರ್ ರಮ್ಸಿ ಎಂಬ ವಿದ್ವಾಂಸರು ಒಂದು ಸರಳವಾದ ಆದರೆ ಆಳವಾದ ವಿಚಾರವನ್ನು ಮುಂದಿಟ್ಟರು. ಆಂಟೆನಾದ ಗುಣ ಆವೃತ್ತಿಯೊಡನೆ ಬದಲಾಗುವುದೇಕೆ? ಅದರಲ್ಲಿ ಒಂದು ನಿರ್ದಿಷ್ಟ ಉದ್ದವಿರುವುದರಿಂದ. ಹಾಗಾದರೆ ಉದ್ದದಿಂದಲ್ಲ, ಕೇವಲ ಕೋನಗಳಿಂದಲೇ ವರ್ಣಿಸಬಹುದಾದ ಆಕೃತಿಯೊಂದನ್ನು ಮಾಡಿದರೆ? ಇಲ್ಲಿ ಸಮರೂಪ ತ್ರಿಭುಜಗಳನ್ನು ನೆನಪಿಸಿಕೊಳ್ಳಿ. ಕೋನಗಳು ಸಮನಾದರೆ ತ್ರಿಭುಜ ಹಿರಿದೋ ಕಿರಿದೋ, ಆಕಾರ ಒಂದೇ. ಕೋನಗಳಿಂದಲೇ ನಿರ್ಧಾರವಾದ ಆಕೃತಿಯನ್ನು ಎಷ್ಟು ಪಟ್ಟು ಹಿಗ್ಗಿಸಿದರೂ ಅದು ತನ್ನಂತೆಯೇ ಇರುತ್ತದೆ. ಆದ್ದರಿಂದ ಹತ್ತು ಮೀಟರಿನ ಅಲೆಗೂ ಒಂದು ಮೀಟರಿನ ಅಲೆಗೂ ಅದು ಒಂದೇ ಬಗೆಯಾಗಿ ಕಾಣಬೇಕು. ಇದೇ ರಮ್ಸಿಯವರ ತತ್ತ್ವ. ಜಾನ್ ಡೈಸನ್ ಅವರು ಇದನ್ನು ಅನುಸರಿಸಿ ಶಂಖದ ಸುರುಳಿಯನ್ನು ಹೋಲುವ ಆಂಟೆನಾಗಳನ್ನು ಮಾಡಿ ಪರೀಕ್ಷಿಸಿದರು.

ಅದೇ ಪ್ರಯೋಗಾಲಯದ ರೇಮಂಡ್ ಡುಹ್ಯಾಮೆಲ್ ಅವರು ಇನ್ನೊಂದು ದಾರಿ ಹಿಡಿದರು. ಲೋಹದ ತಗಡಿನ ಅಂಚಿನಲ್ಲಿ ಗರಗಸದಂತೆ ಹಲ್ಲುಗಳನ್ನು ಕತ್ತರಿಸಿದರು. ಆದರೆ ಗರಗಸದಲ್ಲಿರುವಂತೆ ಎಲ್ಲ ಹಲ್ಲುಗಳೂ ಒಂದೇ ಅಳತೆಯಲ್ಲ. ಪ್ರತಿಯೊಂದು ಹಲ್ಲು ತನ್ನ ಹಿಂದಿನ ಹಲ್ಲಿನ ಒಂದು ನಿಶ್ಚಿತ ಭಾಗದಷ್ಟು. ಇದು ಗುಣೋತ್ತರ ಶ್ರೇಢಿ! ಇಂಥ ಆಕೃತಿ ಒಂದು ಆವೃತ್ತಿಯಲ್ಲಿ ಹೇಗೆ ವರ್ತಿಸುತ್ತದೋ, ಸಾಮಾನ್ಯ ಅನುಪಾತದಿಂದ ಗುಣಿಸಿದ ಅಥವಾ ಭಾಗಿಸಿದ ಆವೃತ್ತಿಯಲ್ಲಿಯೂ ಹಾಗೆಯೇ ವರ್ತಿಸುತ್ತದೆ. ಗುಣೋತ್ತರ ಶ್ರೇಢಿಯ ಪದಗಳಿಗೆ ಲಾಗರಿದಮ್ ತೆಗೆದುಕೊಂಡರೆ ಅವು ಸಮಾಂತರ ಶ್ರೇಢಿಯಾಗುತ್ತವೆ ಎಂಬುದನ್ನು ಲಾಗ್ ಟೇಬಲ್ ಬಳಸಿದವರು ಬಲ್ಲರು. ಆವೃತ್ತಿಯ ಲಾಗರಿದಮ್ ಸಮಾನ ಹೆಜ್ಜೆಯಿಟ್ಟಾಗಲೆಲ್ಲ ಗುಣ ಮರುಕಳಿಸುತ್ತದೆಯಾದ್ದರಿಂದ ಇದಕ್ಕೆ ‘ಲಾಗ್-ಪಿರಿಯಾಡಿಕ್’ ಎಂಬ ಹೆಸರು ಬಂದಿತು. ಡುಹ್ಯಾಮೆಲ್ ಮತ್ತು ಡ್ವೈಟ್ ಇಸ್ಬೆಲ್ ಇಬ್ಬರೂ ಸೇರಿ 1957ರಲ್ಲಿ ಇದನ್ನು ಪ್ರಕಟಿಸಿದರು.

ಡ್ವೈಟ್ ಇಸ್ಬೆಲ್ ಆಗ ಪ್ರಯೋಗಾಲಯದ ಒಬ್ಬ ತರುಣ ಸಂಶೋಧಕ. ಹಲ್ಲಿನ ತಗಡಿನ ಆಂಟೆನಾ ಎಲ್ಲ ಆವೃತ್ತಿಗಳಿಗೂ ಒದಗುತ್ತಿತ್ತು, ಆದರೆ ಅದರ ಅಲೆಗಳು ಎರಡೂ ಕಡೆಗೆ ಹೋಗುತ್ತಿದ್ದವು. ಇಸ್ಬೆಲ್ ಅದರ ಎರಡು ರೆಕ್ಕೆಗಳನ್ನು ಚಪ್ಪಟೆಯಾಗಿ ಬಿಡದೆ, ಅರ್ಧ ಮುಚ್ಚಿದ ಪುಸ್ತಕದಂತೆ ಬಾಗಿಸಿದರು. ಆಗ ಅಲೆಗಳು ಒಂದೇ ಕಡೆಗೆ, ಚೂಪಾದ ತುದಿಯ ದಿಕ್ಕಿಗೆ, ಸಾಗಿದವು. 1958ರ ವರದಿಯಲ್ಲಿ ಅವರು ಇದನ್ನು ದಾಖಲಿಸಿದರು. ಆಮೇಲೆ ಆ ಪುಸ್ತಕವನ್ನು ಪೂರ್ತಿಯಾಗಿ ಮುಚ್ಚಿದರೆ ಏನಾಗುತ್ತದೆ? ಎರಡು ರೆಕ್ಕೆಗಳೂ ಒಂದರ ಮೇಲೊಂದು ಹತ್ತಿರ ಬರುತ್ತವೆ. ತಗಡಿನ ಹಲ್ಲುಗಳ ಬದಲಿಗೆ ತೆಳು ಸರಳುಗಳನ್ನಿಟ್ಟರೆ, ಮೇಲಿನ ಕೊಳವೆಯಿಂದ ಒಂದು ಸರಳು ಎಡಕ್ಕೆ, ಅದೇ ಜಾಗದಲ್ಲಿ ಕೆಳಗಿನ ಕೊಳವೆಯಿಂದ ಇನ್ನೊಂದು ಬಲಕ್ಕೆ ಚಾಚಿಕೊಂಡು ಒಂದು ಡೈಪೋಲ್ ಆಗುತ್ತದೆ. ಮುಂದಿನ ಜೋಡಿಯಲ್ಲಿ ಎಡ ಬಲಗಳು ಅದಲುಬದಲು. ಹೀಗೆ ಹಿರಿದರಿಂದ ಕಿರಿದಕ್ಕೆ ಇಳಿಯುವ ಡೈಪೋಲುಗಳ ಸಾಲು ರೂಪುಗೊಂಡಿತು. ಇಸ್ಬೆಲ್ ಇಂಥ ಹಲವು ಮಾದರಿಗಳನ್ನು ಕಟ್ಟಿ ಅಳೆದು 1959ರಲ್ಲಿ ವರದಿಯನ್ನೂ 1960ರ ಮೇ ತಿಂಗಳಲ್ಲಿ ಲೇಖನವನ್ನೂ ಪ್ರಕಟಿಸಿದರು.

ಇದು ಕೆಲಸ ಮಾಡುವ ರೀತಿಯನ್ನು ಜಲತರಂಗದ ಹೋಲಿಕೆಯಿಂದ ತಿಳಿಯಬಹುದು. ಸಾಲಾಗಿಟ್ಟ ಬಟ್ಟಲುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಸ್ವರ. ಹಾಗೆಯೇ ಈ ಸಾಲಿನಲ್ಲಿ ಬಂದ ಆವೃತ್ತಿಗೆ ಯಾವ ಸರಳಿನ ಉದ್ದ ಅರ್ಧ ತರಂಗಾಂತರಕ್ಕೆ ಸಮೀಪವೋ ಅದೂ ಅದರ ನೆರೆಯ ಕೆಲವೂ ಎಚ್ಚರಗೊಳ್ಳುತ್ತವೆ, ಉಳಿದವು ಮೌನವಾಗಿರುತ್ತವೆ. ಆವೃತ್ತಿ ಏರಿದಂತೆ ಈ ಎಚ್ಚರದ ವಲಯ ಗಿಡ್ಡ ಸರಳುಗಳ ಕಡೆಗೆ ಸರಿಯುತ್ತದೆ. ವಿದ್ಯುತ್ತನ್ನು ಗಿಡ್ಡ ತುದಿಯಿಂದ ಊಡಬೇಕು, ನೆರೆಹೊರೆಯ ಡೈಪೋಲುಗಳಿಗೆ ಅದು ತಿರುವುಮುರುವಾಗಿ ಸೇರಬೇಕು. ಈ ತಿರುವುಮುರುವೇ ಇಡೀ ರಚನೆಯ ಗುಟ್ಟು. ಅದನ್ನು ಬಿಟ್ಟು ಎಲ್ಲ ಸರಳುಗಳನ್ನೂ ಒಂದೇ ಕ್ರಮದಲ್ಲಿ ಜೋಡಿಸಿದರೆ ಅಲೆ ಉದ್ದನೆಯ ಸರಳುಗಳ ಕಡೆಗೆ ಹೊರಟು ಅಲ್ಲಿ ಸಿಕ್ಕಿಕೊಳ್ಳುತ್ತದೆ, ನೋಡಲು ಹಾಗೆಯೇ ಇರುವ ಆಂಟೆನಾ ಕೆಲಸಕ್ಕೆ ಬಾರದಂತಾಗುತ್ತದೆ.

ಇಸ್ಬೆಲ್ ಅಳೆದು ತೋರಿಸಿದ್ದನ್ನು ಗಣಿತದಿಂದ ವಿವರಿಸಿದವರು ಅದೇ ಪ್ರಯೋಗಾಲಯದ ರಾಬರ್ಟ್ ಕ್ಯಾರೆಲ್. 1961ರಲ್ಲಿ ಅವರು ಗಣಕಯಂತ್ರದ ನೆರವಿನಿಂದ ಲೆಕ್ಕಹಾಕಿ, ಯಾವ ಅನುಪಾತಕ್ಕೆ ಎಷ್ಟು ಅಂತರವಿಟ್ಟರೆ ಎಷ್ಟು ಫಲ ಎಂಬ ನಕ್ಷೆಗಳನ್ನು ಸಿದ್ಧಪಡಿಸಿದರು. ಜಗತ್ತಿನ ಇಂಜಿನಿಯರುಗಳು ವರ್ಷಗಟ್ಟಲೆ ಅವನ್ನೇ ಅವಲಂಬಿಸಿದರು. ಅವುಗಳಲ್ಲಿ ಆಂಟೆನಾದ ಬಲವನ್ನು ವಾಸ್ತವಕ್ಕಿಂತ ಹೆಚ್ಚಾಗಿ ತೋರಿಸುವ ದೋಷವಿರುವುದು 1970ರ ದಶಕದಲ್ಲಿ ಇತರ ಸಂಶೋಧಕರ ಮರುಲೆಕ್ಕದಿಂದ ಬೆಳಕಿಗೆ ಬಂದಿತು. ಅಚ್ಚಾದ ನಕ್ಷೆಯಾದರೂ ಅದನ್ನು ಅಳತೆಯ ಕಲ್ಲಿಗೆ ಉಜ್ಜಿ ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಈಗ ಒಂದು ಆಂಟೆನಾವನ್ನು ಕಾಗದದ ಮೇಲೆ ಕಟ್ಟೋಣ. ಹ್ಯಾಮ್‌ಗಳು ಬಳಸುವ 144 ಮೆಗಾಹರ್ಟ್ಸ್ ಮತ್ತು 435 ಮೆಗಾಹರ್ಟ್ಸ್ ಎರಡಕ್ಕೂ ಒಂದೇ ಆಂಟೆನಾ ಬೇಕೆಂದುಕೊಳ್ಳಿ. ಅತಿ ಉದ್ದದ ಡೈಪೋಲ್ 104 ಸೆಂಟಿಮೀಟರ್. 435ಕ್ಕೆ ಬೇಕಾದದ್ದು ಸುಮಾರು 34.5 ಸೆಂಟಿಮೀಟರ್. ಸಾಮಾನ್ಯ ಅನುಪಾತವನ್ನು 0.9 ಎಂದಿಟ್ಟುಕೊಂಡರೆ ಉದ್ದಗಳು ಹೀಗೆ ಇಳಿಯುತ್ತವೆ: 104, 93.6, 84.2, 75.8, 68.2, 61.4, 55.3, 49.7, 44.8, 40.3, 36.3, 32.6. ಹನ್ನೆರಡನೆಯದು ಅಪೇಕ್ಷಿತ ಅಳತೆಯನ್ನು ದಾಟಿತು. ಎಚ್ಚರದ ವಲಯಕ್ಕೆ ನೆರೆಯವರೂ ಬೇಕಾದ್ದರಿಂದ 29.4 ಮತ್ತು 26.4ರ ಎರಡನ್ನು ಸೇರಿಸಿ ಹದಿನಾಲ್ಕು ಮಾಡೋಣ. ಮೊದಲ ಎರಡು ಡೈಪೋಲುಗಳ ನಡುವಣ ಅಂತರ 12.5 ಸೆಂಟಿಮೀಟರ್ ಇರಲಿ. ಅಂತರಗಳೂ 0.9ರ ಅನುಪಾತದಲ್ಲಿಯೇ ಕುಗ್ಗುತ್ತವೆ. ಹದಿಮೂರು ಅಂತರಗಳ ಮೊತ್ತ ಸುಮಾರು 93 ಸೆಂಟಿಮೀಟರ್, ಅಂದರೆ ಒಂದು ಮೀಟರಿನ ಕೊಳವೆ ಸಾಕು.

ಇಲ್ಲಿ ಒಂದು ಸೊಗಸನ್ನು ಗಮನಿಸಿ. ಸರಳುಗಳನ್ನು ಕೊನೆಯಿಲ್ಲದೆ ಸೇರಿಸುತ್ತ ಹೋದರೆ ಒಟ್ಟು ದೂರ ಎಷ್ಟು? ಅನಂತ ಗುಣೋತ್ತರ ಶ್ರೇಢಿಯ ಮೊತ್ತದ ಸೂತ್ರವನ್ನು ಹಾಕಿ. 12.5ನ್ನು 0.1ರಿಂದ ಭಾಗಿಸಿದರೆ 125. ಈಗ ಸರಳುಗಳ ತುದಿಗಳನ್ನು ಎರಡೂ ಬದಿಯಲ್ಲಿ ದಾರದಿಂದ ಸೇರಿಸಿ ಮುಂದಕ್ಕೆ ಎಳೆಯಿರಿ. ಆ ಎರಡು ದಾರಗಳು ಸಂಧಿಸುವುದು ಮೊದಲ ಸರಳಿನಿಂದ ಸರಿಯಾಗಿ 125 ಸೆಂಟಿಮೀಟರ್ ದೂರದಲ್ಲಿ! ಶ್ರೇಢಿಯ ಅಧ್ಯಾಯವೂ ಸಮರೂಪ ತ್ರಿಭುಜದ ಅಧ್ಯಾಯವೂ ಒಂದೇ ಬಿಂದುವಿನಲ್ಲಿ ಕೈಹಿಡಿಯುವ ಈ ಚಿತ್ರವನ್ನು ಕರಿಹಲಗೆಯ ಮೇಲೆ ಬರೆಯುವ ಅವಕಾಶ ಪ್ರತಿಯೊಬ್ಬ ಗಣಿತ ಶಿಕ್ಷಕನಿಗೂ ದೊರೆಯಲಿ ಎಂದು ನನ್ನ ಆಸೆ.

ಕಟ್ಟುವ ಸಾಮಗ್ರಿ ಸಾಮಾನ್ಯವಾದುದೇ. ಚೌಕಾಕಾರದ ಎರಡು ಅಲ್ಯೂಮಿನಿಯಂ ಕೊಳವೆಗಳನ್ನು ಒಂದಕ್ಕೊಂದು ತಾಗದಂತೆ ಪ್ಲಾಸ್ಟಿಕ್ ತುಂಡುಗಳ ಆಸರೆಯಲ್ಲಿ ಸಮಾನಾಂತರವಾಗಿ ನಿಲ್ಲಿಸಬೇಕು. ಇವೇ ಆಂಟೆನಾದ ಬೆನ್ನೆಲುಬೂ ಹೌದು, ವಿದ್ಯುತ್ತನ್ನು ಒಯ್ಯುವ ತಂತಿಯೂ ಹೌದು. ಸರಳುಗಳನ್ನು ಮರೆಯದೆ ಎಡಬಲ ಬದಲಿಸುತ್ತ ತಿರುಪಿನಿಂದ ಬಿಗಿಯಬೇಕು. ಕೇಬಲ್ಲನ್ನು ಒಂದು ಕೊಳವೆಯ ಒಳಗಿನಿಂದ ಹಾಯಿಸಿ, ಗಿಡ್ಡ ತುದಿಯಲ್ಲಿ ಎರಡೂ ಕೊಳವೆಗಳಿಗೆ ಸೇರಿಸುವುದು ರೂಢಿ.

ಪರೀಕ್ಷೆ ಎರಡು ಬಗೆಯದು. ಮೊದಲನೆಯದು, ಕಳುಹಿಸಿದ ಶಕ್ತಿಯಲ್ಲಿ ಎಷ್ಟು ಭಾಗ ಆಂಟೆನಾದಿಂದ ಹಿಂತಿರುಗಿತು ಎಂಬುದು. ಇದಕ್ಕೆ ಎಸ್‌ಡಬ್ಲ್ಯುಆರ್ ಮೀಟರ್ ಎಂಬ ಉಪಕರಣವಿದೆ. ಅದು 1 ತೋರಿಸಿದರೆ ಏನೂ ಹಿಂತಿರುಗಿಲ್ಲ. 2 ತೋರಿಸಿದರೆ ಒಂಬತ್ತರಲ್ಲಿ ಒಂದು ಪಾಲು, ಅಂದರೆ ಶೇಕಡಾ 11ರಷ್ಟು, ಮರಳಿದೆ. ಲಾಗ್-ಪಿರಿಯಾಡಿಕ್ ಆಂಟೆನಾದಲ್ಲಿ ಈ ಅಂಕಿ ಇಡೀ ವಿಸ್ತಾರದಲ್ಲಿ ತುಸು ಏರಿಳಿಯುತ್ತಲೇ ಇದ್ದರೂ 2ರ ಒಳಗೆ ಉಳಿಯಬೇಕು. ಎರಡನೆಯದು ದಿಕ್ಕಿನ ಪರೀಕ್ಷೆ. ಬಯಲಿನಲ್ಲಿ ದೂರ ಒಂದು ಪುಟ್ಟ ಪ್ರೇಷಕವನ್ನಿಟ್ಟು, ಆಂಟೆನಾವನ್ನು ಹತ್ತು ಹತ್ತು ಡಿಗ್ರಿಗಳಷ್ಟು ತಿರುಗಿಸುತ್ತ ಗ್ರಾಹಕದ ಮೀಟರನ್ನು ಓದಿ ವೃತ್ತಾಕಾರದ ನಕ್ಷೆಯಲ್ಲಿ ಗುರುತಿಸಬೇಕು. ಮುಂದೆ ಹಿರಿದಾದ ಎಸಳು, ಹಿಂದೆ ಕಿರಿದಾದ ಎಸಳು ಮೂಡಿದರೆ ಕೆಲಸ ಸಫಲ. ಬೇರೆ ಬೇರೆ ಆವೃತ್ತಿಗಳಲ್ಲಿಯೂ ಅದೇ ಚಿತ್ರ ಬರುತ್ತಿದ್ದರೆ ರಮ್ಸಿಯವರ ತತ್ತ್ವ ನಿಮ್ಮ ಕಣ್ಣ ಮುಂದೆ ನಿಂತಂತೆ. ಪ್ರಸಾರ ಮಾಡಲು ಸರಕಾರದ ಪರವಾನಗಿ ಅಗತ್ಯ ಎಂಬುದನ್ನು ಮಾತ್ರ ಉತ್ಸಾಹಿಗಳು ಮರೆಯಬಾರದು.

ಹ್ಯಾಮ್‌ಗಳಿಗೆ ಇಂಥ ಆಂಟೆನಾದ ಮೇಲೆ ಒಲವು ಹೆಚ್ಚಲು ಒಂದು ಕಾರಣವೂ ಇತ್ತು. 1979ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೋ ಆಡಳಿತ ಸಮ್ಮೇಳನ ಅವರಿಗೆ 10, 18 ಮತ್ತು 24 ಮೆಗಾಹರ್ಟ್ಸ್‌ಗಳ ಬಳಿ ಹೊಸ ತರಂಗಪಟ್ಟಿಗಳನ್ನು ನೀಡಿತು. ಹಳೆಯ 14, 21, 28ರ ಜೊತೆಗೆ ಸೇರಿ 14ರಿಂದ 30ರೊಳಗೆ ಐದು ಪಟ್ಟಿಗಳಾದವು. ಐದಕ್ಕೂ ಒಂದೇ ಆಂಟೆನಾ ಎಂದರೆ ಯಾರಿಗೆ ಬೇಡ? ಆದರೆ ಪುಕ್ಕಟೆಯಾಗಿ ಏನೂ ದೊರೆಯುವುದಿಲ್ಲ. ಒಮ್ಮೆಗೆ ಕೆಲವೇ ಸರಳುಗಳು ದುಡಿಯುವುದರಿಂದ ಅದೇ ಉದ್ದದ ಯಾಗಿ-ಉದ ಆಂಟೆನಾದಷ್ಟು ಬಲ ಇದಕ್ಕಿಲ್ಲ. 14 ಮೆಗಾಹರ್ಟ್ಸ್‌ಗಾದರೆ ಹತ್ತು ಮೀಟರಿಗೂ ಮಿಗಿಲಾದ ಸರಳುಗಳು ಗಾಳಿಗೆ ಎದೆಯೊಡ್ಡಿ ನಿಲ್ಲಬೇಕು. ಆದ್ದರಿಂದ ಎರಡೂ ಬಗೆಯ ಆಂಟೆನಾಗಳು ಇಂದಿಗೂ ಬಳಕೆಯಲ್ಲಿ ಉಳಿದಿವೆ.

ಈ ಆಂಟೆನಾಕ್ಕೂ ನಮ್ಮ ಕರ್ನಾಟಕಕ್ಕೂ ಒಂದು ನಿಜವಾದ ನಂಟಿದೆ. ಬೆಂಗಳೂರಿನ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೋ ವೀಕ್ಷಣಾಲಯವಿದೆ. ಅಲ್ಲಿ 1997ರಲ್ಲಿ ಕಾರ್ಯಾರಂಭ ಮಾಡಿದ ಸೂರ್ಯವೀಕ್ಷಣೆಯ ವ್ಯವಸ್ಥೆಯಲ್ಲಿ 192 ಲಾಗ್-ಪಿರಿಯಾಡಿಕ್ ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನಿಲ್ಲಿಸಲಾಯಿತು. ಸೂರ್ಯನ ಹೊರಕವಚದ ಮೇಲಿನ ಪದರಗಳು ಕಡಿಮೆ ಆವೃತ್ತಿಯಲ್ಲಿಯೂ ಕೆಳಗಿನವು ಹೆಚ್ಚಿನ ಆವೃತ್ತಿಯಲ್ಲಿಯೂ ರೇಡಿಯೋ ಅಲೆಗಳನ್ನು ಸೂಸುತ್ತವೆ. ಹಲವು ಪದರಗಳನ್ನು ನೋಡಬೇಕಾದರೆ ಹಲವು ಆವೃತ್ತಿಗಳಿಗೆ ಒದಗುವ ಆಂಟೆನಾವೇ ಬೇಕು. ಇಸ್ಬೆಲ್ ಕಟ್ಟಿದ ಸರಳುಗಳ ಸಾಲು ಹೀಗೆ ನಮ್ಮ ನೆಲದಲ್ಲಿ ನಿಂತು ಸೂರ್ಯನತ್ತ ಮುಖ ಮಾಡಿತು.

ಇನ್ನು ನ್ಯಾಯಾಲಯದ ಪ್ರಸಂಗ. ಇಸ್ಬೆಲ್ ಅವರ ಆವಿಷ್ಕಾರಕ್ಕೆ 1965ರಲ್ಲಿ ಪೇಟೆಂಟ್ ದೊರೆಯಿತು. ಅದರ ಹಕ್ಕು ಇಲಿನಾಯ್ ವಿಶ್ವವಿದ್ಯಾಲಯದ ಫೌಂಡೇಶನ್ನಿನದು. ಅಷ್ಟರಲ್ಲಿ ದೂರದರ್ಶನದ ಆಂಟೆನಾ ತಯಾರಿಸುವವರು ಇದೇ ರಚನೆಯನ್ನು ಬಳಸತೊಡಗಿದ್ದರು. ಫೌಂಡೇಶನ್ ಅವರ ಮೇಲೆ ದಾವೆ ಹೂಡಿತು. ಅಯೋವಾ ರಾಜ್ಯದಲ್ಲಿ ವೈನ್‌ಗಾರ್ಡ್ ಕಂಪನಿಯ ವಿರುದ್ಧ ನಡೆದ ಮೊಕದ್ದಮೆಯಲ್ಲಿ, ಡೈಪೋಲ್ ಗೊತ್ತಿತ್ತು, ಲಾಗ್-ಪಿರಿಯಾಡಿಕ್ ತತ್ತ್ವವೂ ಗೊತ್ತಿತ್ತು, ಇವುಗಳನ್ನು ಕೂಡಿಸುವುದು ಆ ವಿದ್ಯೆ ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದೇ ಎಂಬ ಕಾರಣಕ್ಕೆ ಪೇಟೆಂಟ್ ಅಸಿಂಧು ಎಂದಾಯಿತು. 1968ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆದರೆ ಬ್ಲಾಂಡರ್-ಟಂಗ್ ಎಂಬ ಇನ್ನೊಂದು ಕಂಪನಿಯ ವಿರುದ್ಧ ಶಿಕಾಗೋದಲ್ಲಿ ನಡೆದ ಮೊಕದ್ದಮೆಯಲ್ಲಿ ಅದೇ ಪೇಟೆಂಟ್ ಸಿಂಧು ಎಂದು ತೀರ್ಪಾಯಿತು, 1970ರಲ್ಲಿ ಅಲ್ಲಿನ ಮೇಲ್ಮನವಿಯ ನ್ಯಾಯಾಲಯವೂ ಒಪ್ಪಿತು. ಒಂದೇ ಆವಿಷ್ಕಾರ ಒಂದು ಊರಿನಲ್ಲಿ ಹೊಸದು, ಇನ್ನೊಂದು ಊರಿನಲ್ಲಿ ಹೊಸದಲ್ಲ! 1971ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆಂಟೆನಾದ ಹೊಸತನವನ್ನು ತೂಗಲು ಹೋಗಲಿಲ್ಲ. ಪೂರ್ಣ ಅವಕಾಶ ದೊರೆತೂ ಒಮ್ಮೆ ಸೋತ ಪೇಟೆಂಟುದಾರ ಅದೇ ಪೇಟೆಂಟಿಗಾಗಿ ಇನ್ನೊಬ್ಬರ ಮೇಲೆ ಮತ್ತೆ ಹೋರಾಡುವಂತಿಲ್ಲ ಎಂಬ ನಿಯಮವನ್ನು ಅದು ಸ್ಥಾಪಿಸಿತು. ಮರಳಿ ಕೆಳಗೆ ಹೋದ ಮೊಕದ್ದಮೆಯಲ್ಲಿ ಫೌಂಡೇಶನ್ ಗೆಲ್ಲಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಯಿತು. ಆ ತೀರ್ಪು ಕಾನೂನಿನ ಪುಸ್ತಕಗಳಲ್ಲಿ ಇಂದಿಗೂ ‘ಬ್ಲಾಂಡರ್-ಟಂಗ್’ ಎಂದೇ ಪ್ರಸಿದ್ಧ. ಇಸ್ಬೆಲ್ ಹೆಸರು ಅಲ್ಲಿಯೂ ಇಲ್ಲ, ಆಂಟೆನಾದ ಹೆಸರಿನಲ್ಲಿಯೂ ಇಲ್ಲ.

ಕಾನೂನಿನ ದೃಷ್ಟಿಯನ್ನು ಅಲ್ಲಗಳೆಯುವಷ್ಟು ಪಾಂಡಿತ್ಯ ನನ್ನದಲ್ಲ. ಪೇಟೆಂಟ್ ಎಂದರೆ ಇತರರ ಕೈಕಟ್ಟುವ ಹಕ್ಕು. ಅದನ್ನು ಕೊಡುವಾಗ ಬಿಗಿ ಇರಬೇಕಾದದ್ದೇ. ಆದರೆ ಶಿಕ್ಷಕನಾಗಿ ನನಗೆ ‘ಹೊಳೆಯುವಂಥದೇ’ ಎಂಬ ಮಾತಿನೊಡನೆ ಹಳೆಯ ಪರಿಚಯವಿದೆ. ಕಠಿಣವಾದ ರೇಖಾಗಣಿತದ ಸಮಸ್ಯೆಯ ಮುಂದೆ ಇಡೀ ತರಗತಿ ಮೌನವಾಗಿ ಕುಳಿತಿರುತ್ತದೆ. ಯಾರೋ ಒಬ್ಬ ಹುಡುಗಿ ಎದ್ದು ಬಂದು ಒಂದು ಗೆರೆ ಎಳೆಯುತ್ತಾಳೆ. ತಕ್ಷಣ ಹಿಂದಿನ ಬೆಂಚಿನಿಂದ “ಇಷ್ಟೇನಾ ಸಾರ್?” ಎಂಬ ಉದ್ಗಾರ! ಹೌದು, ಇಷ್ಟೇ. ಆದರೆ ಆ ಗೆರೆ ಬೀಳುವವರೆಗೆ ಅದು ಯಾರಿಗೂ ‘ಇಷ್ಟೇ’ ಆಗಿರಲಿಲ್ಲ. ಹರ್ಟ್ಸ್ ಅವರ ಡೈಪೋಲ್ 1888ರಿಂದಲೂ ಇತ್ತು, ಗುಣೋತ್ತರ ಶ್ರೇಢಿ ಸಾವಿರಾರು ವರ್ಷಗಳಿಂದ ಇತ್ತು. ಅವೆರಡೂ ಒಂದೇ ಕೊಳವೆಯ ಮೇಲೆ ಕೂಡಲು ಒಬ್ಬ ತರುಣ ರೆಕ್ಕೆಗಳನ್ನು ಬಾಗಿಸಿ, ಮುಚ್ಚಿ, ಅಳೆದು ನೋಡಬೇಕಾಯಿತು.

ನಿಮ್ಮಲ್ಲಿ ಹಲವರು ಈಗ ಇಂಜಿನಿಯರುಗಳು, ಕೆಲವರು ಶಿಕ್ಷಕರು, ಎಲ್ಲರಿಗಿಂತ ಹೆಚ್ಚಿನವರು ತಂದೆತಾಯಿಗಳು. ನಿಮ್ಮ ಕೈಕೆಳಗೆ ದುಡಿಯುವ ಕಿರಿಯರು, ಮನೆಯ ಮಕ್ಕಳು ಏನಾದರೂ ಸರಳವಾದುದನ್ನು ಕಂಡು ತಂದು ತೋರಿಸಿದಾಗ, ಸರಳವಾಗಿದೆ ಎಂಬ ಕಾರಣಕ್ಕೆ ಅದನ್ನು ಕಿರಿದೆಂದು ಎಣಿಸಬೇಡಿ. ಅವರ ಹೆಸರನ್ನು ಅದರೊಡನೆ ಬರೆಯಿರಿ. ಉದ ಅವರ ಹೆಸರು ಸೇರಲು ಹಲವು ದಶಕಗಳು ಹಿಡಿದವು, ಇಸ್ಬೆಲ್ ಅವರದು ಇನ್ನೂ ಸೇರಬೇಕಾಗಿದೆ.